ಪರದೆಯಿಲ್ಲದ ಯಂತ್ರಕ್ಕೆ ಸ್ಕ್ರೀನ್ ಗಾರ್ಡ್

ನನಗೆ ಕಣ್ಣು ಕಾಣುವುದಿಲ್ಲ. ಹುಟ್ಟಿದಾಗಿನಿಂದಲೂ ಅಷ್ಟೇ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ನಡುವೆ ಎಲ್ಲೋ ಗೊತ್ತಾಗಿ ನೀವು 'ಅಯ್ಯೋ ಪಾಪ' ಅಂದುಬಿಡುತ್ತೀರಿ. ಆ 'ಪಾಪ' ಕೇಳಿದರೆ ನನಗೆ ಮೈ ಉರಿಯುತ್ತದೆ. ತ್ಯಾಗರಾಜನಗರದ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಯಾರಾದರೊಬ್ಬರು ಕೈ ಹಿಡಿದು ನನಗೆ ಬೇಡವಾದ ರಸ್ತೆಯನ್ನು ದಾಟಿಸಿಯೇ ತೀರುತ್ತಾರೆ. "ಅಣ್ಣ, ನಾನು ಈ ಕಡೆನೇ ಇರ್ಬೇಕು" ಅಂದರೆ, "ಪರ್ವಾಗಿಲ್ಲ ಅಕ್ಕ, ನಿಧಾನಕ್ಕೆ ಬನ್ನಿ" ಅನ್ನುತ್ತಾರೆ. ಪುಣ್ಯಕ್ಕೆ ವಾಪಸ್ ದಾಟಿಸಲು ಆ ಕಡೆಯಲ್ಲೂ ಒಬ್ಬರು ಸಿಗುತ್ತಾರೆ.

ಮಾಮೂಲಿ ಶಾಲೆಗಳಲ್ಲಿ ಓದುವ, ದೃಷ್ಟಿಯಿಲ್ಲದ ಮಕ್ಕಳಿಗೆ ಬ್ರೈಲ್ ಕಲಿಸುವುದು ನನ್ನ ಕೆಲಸ. ದಿನಕ್ಕೊಂದು ಶಾಲೆ. ಬಿಟಿಎಂ ಲೇಔಟಿನ ಶಾಲೆಯಲ್ಲಿ ಐದನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಳು. ಅವಳ ಅಮ್ಮ ಅಲ್ಲೇ ಹತ್ತಿರದ ಪಿಜಿಯಲ್ಲಿ ಅಡುಗೆ ಮಾಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಹುಡುಗಿ ಆ ಅಡುಗೆಮನೆಯಲ್ಲಿ ಅಕ್ಕಿ ಮೂಟೆಗೆ ಒರಗಿ ಕೂತು ಓದುತ್ತಿದ್ದಳು. ಬೆರಳು ಚುರುಕು, ಬಾಯಿ ಅದಕ್ಕಿಂತ ಚುರುಕು. ನನ್ನ ಕೋಲಿನ ಸದ್ದು ಗೇಟಿನ ಹತ್ತಿರ ಕೇಳಿದರೆ ಸಾಕು, "ಮಿಸ್ ಬಂದ್ರು!" ಅಂತ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿಸುತ್ತಿದ್ದಳು.

ತೊಂದರೆ ಇದ್ದದ್ದು ಪುಸ್ತಕದ್ದು. ಬ್ರೈಲ್ ಪಠ್ಯಪುಸ್ತಕ ಬರುವಷ್ಟರಲ್ಲಿ ಅರ್ಧ ವರ್ಷ ಮುಗಿದಿರುತ್ತದೆ. ಕ್ಲಾಸಿನವರೆಲ್ಲ ಆರನೇ ಪಾಠ ಓದುವಾಗ ಇವಳ ಮುಂದೆ ಖಾಲಿ ಬೆಂಚು. ಕೊನೆಗೆ ಹೆಡ್ ಮೇಡಂ ಅವಳ ಅಮ್ಮನನ್ನು ಕರೆಸಿ, "ಕ್ಲಾಸ್ ಜೊತೆ ಓದೋಕೆ ಅವಳ ಕೈಲಿ ಆಗ್ತಿಲ್ಲ. ಮುಂದಿನ ವರ್ಷ ಹಾಸ್ಟೆಲ್ ಇರೋ ಸ್ಪೆಷಲ್ ಸ್ಕೂಲಿಗೆ ಹಾಕ್ಬಿಡಿ" ಅಂದರು. ಆ ತಾಯಿ ನನಗೆ ಫೋನ್ ಮಾಡಿ, "ಮಗಳನ್ನ ಬಿಟ್ಟು ನಾನು ಹೆಂಗಿರ್ಲಿ ಮೇಡಂ?" ಅಂತ ಅತ್ತರು. ಪಕ್ಕದಿಂದ ಹುಡುಗಿ, "ನಾನ್ ಹೋಗಲ್ಲ ಅಂದ್ರೆ ಹೋಗಲ್ಲ!" ಅಂತ ಕೂಗುತ್ತಿದ್ದಳು. ನಾನೂ ಹಾಸ್ಟೆಲಿನಲ್ಲೇ ಓದಿದವಳು, ಅಂಥ ಶಾಲೆಗಳ ಮೇಲೆ ನನಗೆ ಕೋಪವಿಲ್ಲ. ಆದರೆ ಮಗು ತಾನಾಗಿ ಹೋಗಬೇಕೇ ಹೊರತು ಯಾರೋ ಕತ್ತು ಹಿಡಿದು ದಬ್ಬಬಾರದು.

ಆ ಹೊತ್ತಿಗೇ ಒಂದು ಕಂಪನಿಯವರು ಶಾಲೆಗೆ ಬ್ರೈಲ್ ಯಂತ್ರವೊಂದನ್ನು, ಅದಕ್ಕೆ ಜೋಡಿಸಲು ಒಂದು ಫೋನನ್ನು ದಾನ ಕೊಟ್ಟರು. ಯಂತ್ರ ಉದ್ದದ ಟಿಫಿನ್ ಬಾಕ್ಸಿನಷ್ಟು ದೊಡ್ಡದು. ಫೋನಿಗೆ ಜೋಡಿಸಿದರೆ ಫೋನಿನಲ್ಲಿರುವ ಪಾಠ ಒಂದೊಂದೇ ಸಾಲಾಗಿ ಇದರ ಮೇಲೆ ಚುಕ್ಕಿಗಳಾಗಿ ಏಳುತ್ತದೆ. ಸಣ್ಣ ಸಣ್ಣ ಕಡ್ಡಿಗಳು ಬೆರಳಿನ ಕೆಳಗೆ ಏಳುತ್ತವೆ, ಇಳಿಯುತ್ತವೆ. ಫೋನೇ ಮಾತಾಡುತ್ತದಲ್ಲ, ಅದು ಸಾಲದೇ ಅಂತ ಕೇಳುವವರಿದ್ದಾರೆ. ಕಣ್ಣಿರುವ ಮಕ್ಕಳ ಕೈಯಿಂದ ಪುಸ್ತಕ ಕಿತ್ತುಕೊಂಡು ರೇಡಿಯೋ ಕೊಟ್ಟು ನೋಡಿ, ಆಮೇಲೆ ನನ್ನನ್ನು ಕೇಳಿ.

ನನಗೆ ಆಗ ಜ್ವರ, ಎರಡು ವಾರ ಮಲಗಿಬಿಟ್ಟಿದ್ದೆ. ಯಂತ್ರವನ್ನು ಫೋನಿಗೆ ಹೇಗೆ ಜೋಡಿಸಬೇಕು ಅಂತ ಹುಡುಗಿಯ ಕ್ಲಾಸ್ ಟೀಚರಿಗೆ ಹಾಸಿಗೆಯಿಂದಲೇ ಕರೆ ಮಾಡಿ ಹೇಳಿಕೊಟ್ಟೆ. ಆಕೆ ಚಿಕ್ಕ ವಯಸ್ಸಿನವರು, ತಟ್ಟನೆ ಕಲಿತರು. ನನಗೆ ನೆಮ್ಮದಿಯಾಯಿತು. ಅಷ್ಟರಲ್ಲಿ ಹೆಡ್ ಮೇಡಂ ಫೋನು ಬಂತು. "ಮಿಷನ್ ಕೊಟ್ವಿ ಮೇಡಂ, ಏನೂ ಪ್ರಯೋಜನ ಆಗ್ಲಿಲ್ಲ. ಒಂದಕ್ಷರ ಓದ್ಲಿಲ್ಲ ಅವಳು. ಪಾಪ, ಅವಳಿಗೆ ಅಷ್ಟು ಶಕ್ತಿ ಇಲ್ಲ ಅನ್ಸುತ್ತೆ. ಹಾಸ್ಟೆಲ್ಲೇ ಸರಿ."

ಜ್ವರ ಪೂರ್ತಿ ಬಿಟ್ಟಿರಲಿಲ್ಲ. ಆದರೂ ಮಾರನೆಯ ದಿನವೇ ಹೊರಟೆ. ಗೇಟಿನಲ್ಲಿ ಬೇಕಂತಲೇ ಕೋಲನ್ನು ಜೋರಾಗಿ ಕುಟ್ಟಿದೆ. ಯಾರೂ ಕೂಗಲಿಲ್ಲ. ಹುಡುಗಿ ವರಾಂಡದ ಮೂಲೆಯಲ್ಲಿ ಕೂತಿದ್ದಾಳೆ ಅಂತ ಆಯಾ ಹೇಳಿದರು. ಪಕ್ಕ ಹೋಗಿ ಕೂತೆ. ನನ್ನ ತೋಳಿಗೆ ಒರಗಿ ಹೇಳಿದಳು.

"ಮಿಸ್, ನಂಗೆ ಬ್ರೈಲ್ ಮರ್ತೋಯ್ತು."

"ಯಾರೇ ಹೇಳಿದ್ದು ನಿಂಗೆ?"

"ನಂಗೇ ಗೊತ್ತಾಯ್ತು. ಎಲ್ರ ಮುಂದೆ ನಿಲ್ಲಿಸಿ ಓದು ಅಂದ್ರು. ನಾನು 'ಏನೂ ಇಲ್ಲ ಮಿಸ್' ಅಂದೆ. ಟೀಚರ್ರು, 'ನಂಗೆ ಕಾಣ್ತಾ ಇದೆಯಲ್ಲ, ಚುಕ್ಕಿ ಎಲ್ಲಾ ಎದ್ದಿದೆ, ಸರಿಯಾಗಿ ಮುಟ್ಟು' ಅಂದ್ರು. ಎಲ್ರೂ ನಕ್ಬಿಟ್ರು."

ಎಂಥ ಮಗು ಅದು! ಕೈಗೆ ಸಿಕ್ಕ ಔಷಧಿ ಡಬ್ಬದ ಮೇಲಿನ ಬ್ರೈಲನ್ನೂ ಬಿಡದೆ ಓದುತ್ತಿದ್ದವಳು. ನೆಟ್ಟಗೆ ಆಫೀಸಿಗೆ ನಡೆದೆ. ಯಂತ್ರ ಬೀರುವಿನಲ್ಲಿತ್ತು. ಹೆಡ್ ಮೇಡಂ ಬೀಗ ತೆಗೆದು, ವೆಲ್ವೆಟ್ ಬಟ್ಟೆ ಬಿಡಿಸಿ, ಬಸುರಿಯ ಕೈಗೆ ಬಾಗಿನ ಕೊಡುವಷ್ಟು ಜೋಪಾನವಾಗಿ ನನ್ನ ಕೈಗಿಟ್ಟರು. ಆನ್ ಮಾಡಿ, ಫೋನಿಗೆ ಜೋಡಿಸಿ, ಚುಕ್ಕಿಗಳ ಸಾಲಿನ ಮೇಲೆ ಬೆರಳಾಡಿಸಿದೆ. ನುಣ್ಣಗಿತ್ತು. ಅಕ್ಷರವಿಲ್ಲ, ಚುಕ್ಕಿಯಿಲ್ಲ, ಏನೂ ಇಲ್ಲ.

"ಇದೇನು ಮೇಡಂ ಇದರ ಮೇಲೆ?"

"ಓ ಅದಾ? ಸ್ಕ್ರೀನ್ ಗಾರ್ಡ್! ಮಡಿವಾಳದಲ್ಲಿ ಮೊಬೈಲ್ ಅಂಗಡಿಗೆ ಕಳಿಸಿ ಹಾಕಿಸಿದ್ವಿ. ದುಬಾರಿ ಐಟಮ್ ಅಲ್ವಾ, ಸ್ಕ್ರ್ಯಾಚ್ ಆಗ್ಬಾರ್ದು ಅಂತ. ಒಳ್ಳೆ ದಪ್ಪದ್ದೇ ಹಾಕ್ಸಿದೀವಿ."

ಮೊದಲು ನಗು ಬಂತು, ಸುಳ್ಳು ಹೇಳುವುದಿಲ್ಲ. ನಮ್ಮ ಜನವೇ ಹೀಗೆ. ಟೀವಿ ರಿಮೋಟಿಗೆ ಪ್ಲಾಸ್ಟಿಕ್ ಕವರು, ಕಾರು ಕೊಂಡು ವರ್ಷಗಳಾದರೂ ಸೀಟಿನ ಹಾಳೆ ಕೀಳುವುದಿಲ್ಲ, ಫ್ರಿಜ್ಜಿನ ಹಿಡಿಕೆಗೂ ಬಟ್ಟೆ ಹೊಲಿಸುತ್ತೇವೆ. ನಮ್ಮ ಅಣ್ಣನ ಮನೆಯ ಸೋಫಾದಲ್ಲಿ ಕೂತರೆ ಇವತ್ತಿಗೂ ಚರಪರ ಅನ್ನುತ್ತದೆ. ಹೊಸದು ಹೊಸದಾಗಿಯೇ ಇರಬೇಕು, ಬಳಸಿದರೂ ಬಿಟ್ಟರೂ ಸರಿ. ಆಮೇಲೆ ವರಾಂಡದಲ್ಲಿ ಕೂತಿದ್ದ ಹುಡುಗಿ ನೆನಪಾದಳು. ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಇದಕ್ಕೆ ಸ್ಕ್ರೀನೇ ಇಲ್ಲವಲ್ರೀ!" ಅಂದೆ. "ಮುಟ್ಟಿ ಓದೋ ಜಾಗಕ್ಕೆ ಪ್ಲಾಸ್ಟಿಕ್ ಅಂಟಿಸಿ, ಆ ಮಗುಗೆ ಶಕ್ತಿ ಇಲ್ಲ ಅಂತೀರಲ್ಲ!"

ಮೂಲೆಗೆ ಉಗುರು ಹಾಕಿದೆ. "ಅಯ್ಯೋ, ಕೀಳ್ಬೇಡಿ ಮೇಡಂ, ಹೊಸದು!" ಅಂತ ಅವರು ಎದ್ದ ಸದ್ದು ಕೇಳಿಸಿತು. ಪರ್ರನೆ ಕಿತ್ತೆ. ಕಿತ್ತದ್ದನ್ನು ಮುದ್ದೆ ಮಾಡಿ ಅವರ ಮೇಜಿನ ಮೇಲೆಯೇ ಇಟ್ಟೆ.

ಹುಡುಗಿಯನ್ನೂ ಅವಳ ಟೀಚರನ್ನೂ ಕರೆಸಿದೆ. ಹುಡುಗಿಯ ಕೈಗೆ ತಡಕಿದೆ, ಎರಡನ್ನೂ ಕಂಕುಳಲ್ಲಿ ಬಚ್ಚಿಟ್ಟುಕೊಂಡಿದ್ದಳು. "ಬೇಡ ಮಿಸ್" ಅಂದಳು. ನಾನು ಎಳೆಯಲಿಲ್ಲ. "ನೋಡು ಪುಟ್ಟಿ, ಇವರು ಅದರ ಮೇಲೆ ಪ್ಲಾಸ್ಟಿಕ್ ಅಂಟಿಸಿದ್ರು. ಚುಕ್ಕಿ ಅವರ ಕಣ್ಣಿಗೆ ಕಾಣುತ್ತೆ, ಬೆರಳಿಗೆ ಸಿಗಲ್ಲ. ನೀನು ಏನೂ ಇಲ್ಲ ಅಂದಿದ್ದು ನಿಜಾನೇ. ನಿನ್ ಬೆರಳು ಸರಿಯಾಗೇ ಇತ್ತು." ಅವಳ ಕೈ ಮೆಲ್ಲಗೆ ನನ್ನ ಕೈಯ ಪಕ್ಕ ಬಂತು. ಮೊದಲ ಪದ ತಡೆದು ತಡೆದು ಓದಿದಳು, ಎರಡನೆಯದನ್ನೂ ಹಾಗೇ. ಆಮೇಲೆ ಗಾಡಿ ಬಿಟ್ಟ ಹಾಗೆ ಇಡೀ ಪುಟ ಓದಿಬಿಟ್ಟಳು. ನಾನು ಅತ್ತೆ. ಅತ್ತರೆ ಅತ್ತೆ, ಅದರಲ್ಲೇನು!

ಓದಿ ಮುಗಿಸಿದವಳೇ ಟೀಚರ ಕಡೆ ತಿರುಗಿ, "ನಾನು ಅವತ್ತು ಹೇಳಿದ್ದು ನಿಜ ಅಂತ ಕ್ಲಾಸಲ್ಲಿ ಹೇಳ್ತೀರಾ ಮಿಸ್?" ಅಂತ ಕೇಳಿದಳು. ಹೆಡ್ ಮೇಡಂ "ನೋಡೋಣ ಕಣಮ್ಮ" ಅನ್ನುವಷ್ಟರಲ್ಲಿ ಆ ಟೀಚರು, "ಹೇಳ್ತೀನಿ, ಬಾ" ಅಂದರು. ಹೋಗಿ ಹೇಳಿಯೂ ಹೇಳಿದರು, ತಪ್ಪಾಯ್ತು ಅಂತಲೂ ಅಂದರಂತೆ. ಆವತ್ತಿನಿಂದ ಆಕೆಯ ಮೇಲೆ ನನಗೆ ಗೌರವ.

ಹೆಡ್ ಮೇಡಂ ಮಾತ್ರ ಯಂತ್ರವನ್ನು ಮತ್ತೆ ವೆಲ್ವೆಟ್ಟಿನಲ್ಲಿ ಸುತ್ತತೊಡಗಿದರು. "ದಿನಾ ಒಂದು ಪೀರಿಯಡ್ ಕೊಡ್ತೀವಿ ಬಿಡಿ."

"ಬೇರೆ ಮಕ್ಕಳ ಪುಸ್ತಕ, ಪೆನ್ಸಿಲ್ಲನ್ನೂ ಬೀರುಲಿಟ್ಟು ದಿನಕ್ಕೊಂದು ಪೀರಿಯಡ್ ಕೊಡ್ತೀರಾ?"

"ಹಂಗಲ್ಲ ಮೇಡಂ, ಹಾಳಾದ್ರೆ ಯಾರು ಜವಾಬ್ದಾರಿ?"

"ಹಾಳಾಗ್ಲಿ. ಓದಿ ಓದಿ ಹಾಳಾಗ್ಲಿ. ನಾನೇ ಜವಾಬ್ದಾರಿ. ಅದು ಅವಳ ಬ್ಯಾಗಲ್ಲಿ ಮನೆಗೆ ಹೋಗ್ಬೇಕು."

ಅವರು ಒಪ್ಪುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ. ಕಾಫಿ ಬಂತು, ಕುಡಿದೆ. ಬೆಲ್ಲು ಹೊಡೆಯಿತು, ಕೂತೇ ಇದ್ದೆ. ಯಾರೋ ಪೋಷಕರು ಬಂದು ಹೋದರು, ಕೂತೇ ಇದ್ದೆ. ಕೊನೆಗೆ ಹೆಡ್ ಮೇಡಂ ಅವರಿಗೇ ಸಾಕಾಗಿ, "ತಗೊಂಡ್ ಹೋಗ್ಲಿ. ಆದ್ರೆ ಮುಂದಿನ ವರ್ಷ ಇಲ್ಲೇನಾ, ಹಾಸ್ಟೆಲ್ಲಾ ಅಂತ ಈಗಲೇ ಹೇಳಲ್ಲ. ಕೊಟ್ಟವರು ಬಂದು ನೋಡ್ಲಿ, ಆಮೇಲೆ" ಅಂದರು.

ಕೊಟ್ಟವರು ಬಂದದ್ದು ವರ್ಷದ ಕೊನೆಗೆ. ನಾನು ಹುಡುಗಿಯ ಪಕ್ಕದಲ್ಲೇ ಕೂತಿದ್ದೆ. ಅಷ್ಟರಲ್ಲಿ ಯಂತ್ರ ಪಿಜಿಯ ಅಡುಗೆಮನೆಯ ವಾಸನೆ ಹಿಡಿದಿತ್ತು. ಗುಂಡಿಗಳ ಸಂದಿಯಲ್ಲಿ ಹಿಟ್ಟು, ಒಂದು ಮೂಲೆ ಚಕ್ಕೆ ಎದ್ದಿತ್ತು. ಕ್ಲಾಸಿನಲ್ಲಿ ಮಕ್ಕಳು ಒಬ್ಬರಾದ ಮೇಲೊಬ್ಬರು ಪಾಠ ಓದುತ್ತಿದ್ದರು. ಹೆಡ್ ಮೇಡಂ ಜೊತೆ ಒಳಗೆ ಬಂದ ದೊಡ್ಡ ಮನುಷ್ಯರೊಬ್ಬರು ಹೇಳದೆ ಕೇಳದೆ ಯಂತ್ರವನ್ನು ಅವಳ ಬೆರಳ ಕೆಳಗಿನಿಂದ ಎತ್ತಿಕೊಂಡರು.

"ಏನ್ರೀ ಇದು? ಇಷ್ಟು ಬೇಗ ಹಿಂಗಾಗೋಗಿದೆ?"

"ಸಾರ್, ನಾವು ನೀಟಾಗೇ ಇಟ್ಟಿದ್ವಿ ಸಾರ್, ಈ ಮೇಡಂ ಅವರೇ..." ಅಂತ ಹೆಡ್ ಮೇಡಂ ಶುರುಮಾಡಿದರು. ನಾನು ಜಗಳಕ್ಕೆ ಬಾಯಿ ತೆರೆದೆ. ಹುಡುಗಿ ನನಗಿಂತ ಮೊದಲು ಎದ್ದು ನಿಂತಳು.

"ಸಾರ್, ಅದನ್ನ ಕೊಡಿ. ಮುಂದಿನ ಪ್ಯಾರಾ ನಂದು."

ಕೊಟ್ಟರು. ಓದಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ನಿಲ್ಲಿಸಿದ ಕಡೆಯಿಂದ ಹಿಂದಿನ ಬೆಂಚಿನ ಹುಡುಗಿ ಮುಂದುವರಿಸಿದಳು. ಆ ಓದಿನ ನಡುವೆ ಹೆಡ್ ಮೇಡಂ ನನ್ನ ಕಿವಿಯ ಹತ್ತಿರ ಬಗ್ಗಿ, "ಆರನೇ ಕ್ಲಾಸಿನ ಪುಸ್ತಕ ಎಲ್ಲಾ ರಜದಲ್ಲೇ ಫೋನಿಗೆ ಹಾಕ್ಕೊಡಿ ಮೇಡಂ, ಆಮೇಲೆ ಒದ್ದಾಟ ಬೇಡ" ಅಂದರು.

"ಯಾರಿಗೆ?" ಅಂತ ಬೇಕಂತಲೇ ಕೇಳಿದೆ. ಅದು ಅವರ ಬಾಯಿಂದಲೇ ಬರಬೇಕಿತ್ತು.

"ಇನ್ಯಾರಿಗೆ ಮೇಡಂ, ನಮ್ ಹುಡುಗಿಗೆ."