ತೂಬಿನ ಬಾಗಿಲು ಎತ್ತಿದ ದಿನ

ನಾನು ಖಲಾಸಿ. ಕ್ರೇನಿನ ಹುಕ್ಕಿಗೆ ಸರಪಳಿ, ತಂತಿ ಹಗ್ಗ ಬಿಗಿದು, ಎತ್ತು ಇಳಿಸು ಎಂದು ಕೈಸನ್ನೆ ಮಾಡುವವನು. ಹತ್ತಿಮತ್ತೂರಿನ ಬಾವಿಗಳಲ್ಲಿ ಈಜು ಕಲಿತದ್ದಕ್ಕೂ ಈ ಕೆಲಸಕ್ಕೂ ಸಂಬಂಧವಿಲ್ಲ. ಆದರೆ ಹಿರೇಕೆರೂರಿನ ಕಡೆಯ ಒಂದು ಕೆರೆಯಲ್ಲಿ ಆ ಈಜೇ ನನಗೆ ಮುಳುವಾಯಿತು.

ಕೆರೆಯ ನೀರು ಬಿಡುವ ತೂಬಿನ ಹಳೆಯ ಕಬ್ಬಿಣದ ಬಾಗಿಲು ಕಿತ್ತುಬಂದು ನೀರಿನ ತಳಕ್ಕೆ ಬಿದ್ದಿತ್ತು. ಅದನ್ನು ಎತ್ತಲು ನಮ್ಮ ಗುತ್ತಿಗೆದಾರರು ನೀರೊಳಗೆ ಓಡಾಡುವ ಯಂತ್ರವೊಂದನ್ನು ತರಿಸಿದ್ದರು. ಹಳದಿ ಬಣ್ಣ, ಟ್ರಂಕಿನಷ್ಟು ಗಾತ್ರ. ಮುಂದೆ ಎರಡು ದೀಪ, ಒಂದು ಕ್ಯಾಮೆರಾ, ಒಂದು ಇಕ್ಕಳ. ಬೆನ್ನಿಗೆ ಉದ್ದನೆಯ ಕೇಬಲ್. ದಂಡೆಯ ಮೇಲೆ ಛತ್ರಿಯ ನೆರಳಲ್ಲಿ ಕುಳಿತ ಇಂಜಿನಿಯರು ಪರದೆ ನೋಡುತ್ತ ಅದನ್ನು ನಡೆಸುತ್ತಿದ್ದರು.

"ಇನ್ನ ಮನಷ್ಯಾರನ್ನ ನೀರಿಗಿಳಸೂದ ಬ್ಯಾಡ್ರಿ," ಎಂದು ಗುತ್ತಿಗೆದಾರರು ನೆರೆದ ಊರವರಿಗೆ ಹೇಳುತ್ತಿದ್ದರು.

ಯಂತ್ರ ಕ್ರೇನಿನ ತಂತಿ ಹಗ್ಗವನ್ನು ಇಕ್ಕಳದಲ್ಲಿ ಹಿಡಿದುಕೊಂಡು ಹೋಗಿ ಅದರ ಕುಣಿಕೆಯನ್ನು ಬಾಗಿಲಿನ ಮೂಲೆಗೆ ಸಿಕ್ಕಿಸಿತು. ಜನ ಚಪ್ಪಾಳೆ ತಟ್ಟಿದರು. ಹಿಂದೆ ತಿರುಗುವಾಗ ಅದರ ಕೇಬಲ್ಲೇ ಕುಣಿಕೆಗೂ ಬಾಗಿಲಿಗೂ ನಡುವೆ ಸಿಕ್ಕಿಕೊಂಡಿತು.

ಗುತ್ತಿಗೆದಾರರು ನನ್ನ ಕಡೆ ತಿರುಗಿದರು. "ನೀ ಈಜ್ತಿ ಅಲ್ಲ? ಇಳದು ಬಿಡಸು."

"ಸಾಹೇಬ್ರ, ನಾ ಒಳಗ ಹೋದ್ರ ಕ್ರೇನಿಗೆ ಸನ್ನಿ ಮಾಡವ್ರು ಯಾರೂ ಇಲ್ರಿ. ಮೊದಲ ಅದನ್ನ ಬಂದ್ ಮಾಡಸ್ರಿ."

"ಕ್ರೇನ್ ಯಾರೂ ಮುಟ್ಟಂಗಿಲ್ಲ. ನೀರಾಗಿನ ಮಷಿನ್ ಒಂದ ಐತಿ. ಖಲಾಸಿಗೋಳು ಬೇಕಾದಷ್ಟು ಮಂದಿ ಅದಾರ. ಇಳಿ."

ಇಳಿದೆ. ರಾಡಿ ನೀರು, ಯಂತ್ರದ ಎರಡು ದೀಪಗಳ ಬೆಳಕಷ್ಟೇ. ಕುಣಿಕೆಯೊಳಗೆ ಬಲಗೈ ತೂರಿಸಿ ಕೇಬಲ್ ಹೊರಗೆ ಎಳೆದೆ. ಅದು ಸಡಿಲವಾಗಿ ಜಾರಿಹೋದದ್ದು ಬೆರಳಿಗೆ ತಿಳಿಯಿತು. ಅಷ್ಟರಲ್ಲಿ ಮೇಲೆ ಇಂಜಿನಿಯರು, ಪರದೆಗೆ ಅಡ್ಡ ಬಂದವರನ್ನು ಸರಿಸಲು ಕೈ ಎತ್ತಿ ಬೀಸಿದರಂತೆ. ಕ್ರೇನಿನವನು ಅದನ್ನೇ ಸನ್ನೆ ಎಂದುಕೊಂಡು ಎತ್ತಿದ. ಹಗ್ಗ ಬಿಗಿಯಿತು. ಬಾಯಿ ತೆರೆದು ಕೂಗಿದೆ. ಬಾಯಿ ತುಂಬ ನೀರು. ಯಂತ್ರ ನನ್ನೆದುರು ಕದಲದೆ ನಿಂತು ದೀಪ ಬಿಟ್ಟುಕೊಂಡು ನೋಡುತ್ತಿತ್ತು.

ಪರದೆಯಲ್ಲಿ ಕಂಡು ಇಂಜಿನಿಯರೇ ಕೂಗಿ ಹಗ್ಗ ಸಡಿಲಿಸಿದರು. ಮೇಲೆ ಬಂದು ದಂಡೆಯ ಕಲ್ಲು ಹಿಡಿದಾಗ ಗುತ್ತಿಗೆದಾರರು ಬಗ್ಗಿ ಕೇಳಿದ ಮೊದಲ ಮಾತು: "ಕೇಬಲ್ ಬಿಡಿಸಿದಿ?"

ಹಾವೇರಿ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಬಾಗಿಲನ್ನು ಅದೇ ದಿನ ಮಧ್ಯಾಹ್ನ ಎತ್ತಿದರಂತೆ.

ಗಾಯ ಮಾಯ್ದ ಮೇಲೆ ತಡಸದ ಹತ್ತಿರದ ಕ್ರೇನ್ ಶೆಡ್ಡಿಗೆ ಬಾ ಎಂದು ಹೇಳಿಕಳಿಸಿದರು. ಕೂತು ಮಾಡುವ ಕೆಲಸ ಕೊಡುತ್ತಾರೆ ಎಂದುಕೊಂಡು ಹೋದೆ. ಅಲ್ಲಿ ಹೊಸ ಖಲಾಸಿಗಳನ್ನು ಸಾಲಾಗಿ ಕೂರಿಸಿದ್ದರು. ಇಂಜಿನಿಯರು ಗೋಡೆಯ ಟಿವಿ ಹಚ್ಚಿದರು. ಹಸಿರು ನೀರು. ಒಂದು ಕೈ ಬಂತು, ಕುಣಿಕೆಯೊಳಗೆ ಹೊಕ್ಕಿತು, ಹಗ್ಗ ಬಿಗಿಯಿತು. ಶಬ್ದ ಇರಲಿಲ್ಲ. ಯಂತ್ರ ಎಲ್ಲ ಹಿಡಿದಿಟ್ಟಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

"ಇಂವಾ ಏನ್ ತಪ್ಪ ಮಾಡ್ಯಾನ?" ಇಂಜಿನಿಯರು ಕೇಳಿದರು.

"ಕೈ ಒಳಗ ಹಾಕ್ಯಾನ್ರಿ," ಎಂದ ಸವಣೂರಿನ ಒಬ್ಬಾತ. ಹಿಂದಿನವರು ನಕ್ಕರು.

ನಾನು ತಡೆಯಲಾರದೆ ಬಾಗಿಲಲ್ಲಿ ನಿಂತಿದ್ದ ಗುತ್ತಿಗೆದಾರರ ಕಡೆ ತಿರುಗಿ ಎಂದೆ, "ಸಾಹೇಬ್ರ, ನನಗ ಇಳಿ ಅಂದವ್ರು ನೀವ ಅಲ್ರಿ? ಕ್ರೇನ್ ಎತ್ತಿದ್ದು—"

ಅವರು ಮಾತು ಕಡಿದರು. "ಅದು ವಿಡಿಯೋದಾಗ ಇಲ್ಲ. ಎದ್ದ ನಿಂತು ಕೈ ತೋರಸು."

ಎದ್ದು ನಿಂತೆ. ಅಂಗಿಯ ತೋಳು ಮೇಲಕ್ಕೆ ಮಡಚು ಎಂದರು, ಮಡಚಿದೆ. ಹೊಸಬರು ಬಂದಾಗಲೆಲ್ಲ ಹೀಗೆ ಬಂದು ತೋರಿಸುವುದೇ ಇನ್ನು ನಿನ್ನ ಕೆಲಸ ಎಂದರು. ಹೊರಗೆ ಬೇರೆ ಕೆಲಸ ಕೊಡುವವರು ಯಾರೂ ಇರಲಿಲ್ಲ.

ಮನೆಗೆ ಬಂದಾಗ ಅವ್ವ ಕೇಳಿದಳು, "ಏನ್ ಕೆಲಸ ಕೊಟ್ರೋ?"

"ಹೊಸಬರಿಗೆ ಕಲಿಸ್ತೇನವ್ವ."

ಅವಳು ಸಂಜೆಯೊಳಗೆ ಓಣಿಯ ತುಂಬ ಹೇಳಿ ಬಂದಳು, ಮಗ ಮಾಸ್ತರ ಆಗ್ಯಾನ ಅಂತ.