ತೊಂಬತ್ತೇಳು ಡಿಗ್ರಿ

ಐವತ್ತರ ದಶಕದಲ್ಲಿ ನಾನು ಮುಂಬಯಿಯ ಸಯನ್‌ನಿಂದ ಬಸ್ಸು ಹಿಡಿದು ಕಾಲೇಜಿಗೆ ಹೋಗುತ್ತಿದ್ದೆ. ವಿಜ್ಞಾನ ಓದುವ ಹುಡುಗಿಯರು ಆಗ ಬಹಳ ಕಡಿಮೆ. ಒಂದು ದಿನ ಪ್ರಯೋಗಾಲಯದಲ್ಲಿ ಕುದಿಯುವ ನೀರಿನ ಉಷ್ಣತೆ ಅಳೆಯಬೇಕಿತ್ತು. ನನ್ನ ಥರ್ಮಾಮೀಟರಿನ ಪಾದರಸ ತೊಂಬತ್ತೇಳು ಡಿಗ್ರಿಯಲ್ಲೇ ನಿಂತುಬಿಟ್ಟಿತು. ನೀರು ಎಷ್ಟು ಕುದಿದರೂ ಮೇಲೇರಲಿಲ್ಲ.

ಪ್ರಯೋಗ ನೋಡಿಕೊಳ್ಳುತ್ತಿದ್ದ ಅಧ್ಯಾಪಕರು ಧಾರವಾಡದ ಕಡೆಯವರು. ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು.

“ನೂರಂತ ಬರಿಯವಾ. ಪುಸ್ತಕದಾಗ ಹಂಗ ಐತಿ,” ಎಂದರು.

“ಮತ್ತೆ ಇಲ್ಲಿ ಯಾಕೆ ನೂರು ಬರುದಿಲ್ಲ ಸರ್?”

“ಪ್ರಶ್ನೆ ಕೇಳೂದು ನಮ್ಮ ಕೆಲಸ. ನೀ ಉತ್ತರ ಬರಿ.”

ನನಗೆ ಮೈಯೆಲ್ಲ ಉರಿಯಿತು. ಕಂಡದ್ದನ್ನು ಬಿಟ್ಟು ಕಾಣದ್ದನ್ನು ಬರೆಯುವುದಾದರೆ ಸ್ಪಿರಿಟ್ ದೀಪವನ್ನಾದರೂ ಹಚ್ಚಿದ್ದೇಕೆ? ಮಧ್ಯಾಹ್ನದ ಬಿಡುವಿನಲ್ಲಿ ಎದುರಿನ ಉಡುಪಿ ಹೋಟೆಲಿನಿಂದ ಒಂದು ಲೋಟ ಐಸ್ ಕೇಳಿ ತಂದೆ. ಕರಗುವ ಐಸಿನಲ್ಲಿ ಸೊನ್ನೆ ತೋರಿಸಬೇಕಾಗಿದ್ದ ಥರ್ಮಾಮೀಟರ್ ಅಲ್ಲಿಯೂ ಮೂರು ಡಿಗ್ರಿ ಕಡಿಮೆಯೇ ತೋರಿಸಿತು. ನೀರೂ ಸರಿಯಿತ್ತು, ಪುಸ್ತಕವೂ ಸರಿಯಿತ್ತು, ಕೆಟ್ಟಿದ್ದು ಉಪಕರಣ. ಯಾರೂ ಹೇಳಿಕೊಡದೆ ನಾನಾಗಿಯೇ ತಿಳಿದುಕೊಂಡ ಮೊದಲ ಸಂಗತಿ ಅದು. ಓಡಿಹೋಗಿ ಅವರಿಗೆ ತೋರಿಸಿದೆ.

ಅವರು ಒಮ್ಮೆ ನೋಡಿದರು. “ಇದನ್ನ ಮಾಡಂತ ನಿನಗ ಯಾರ ಹೇಳಿದ್ರು?” ಎಂದು ಥರ್ಮಾಮೀಟರನ್ನು ಒರೆಸಿ ಮುಂದಿನ ತಂಡದ ವಿದ್ಯಾರ್ಥಿಯ ಕೈಗೆ ಕೊಟ್ಟರು. ಅವನು ನೀರು ಕಾಯಿಸಿ, ಪಾದರಸದತ್ತ ಕಣ್ಣು ಹಾಯಿಸಿ, ನೂರು ಎಂದು ಬರೆದ. ಅವನಿಗೆ ಪೂರ್ತಿ ಅಂಕ ಸಿಕ್ಕಿತು. ನನ್ನ ತೊಂಬತ್ತೇಳರ ಮೇಲೆ ಕೆಂಪು ಗೀಟು ಬಿತ್ತು.

ಅಂಕ ಹೋದದ್ದನ್ನು ಎಂದೋ ಮರೆತೆ. ಆ ಕೆಟ್ಟ ಥರ್ಮಾಮೀಟರನ್ನು ಅವರು ಗೊತ್ತಿದ್ದೂ ಇನ್ನೊಬ್ಬನ ಕೈಗೆ ಕೊಟ್ಟದ್ದನ್ನು ಮಾತ್ರ ಈ ವಯಸ್ಸಿನಲ್ಲೂ ಕ್ಷಮಿಸಲಾಗುತ್ತಿಲ್ಲ.