ಹೂಗ್ಯಂನ ಸೂಲಗಿತ್ತಿ ಬಚ್ಚಿಟ್ಟ ಮಾತು

ಕೋಳಿ ಕೂಗಿದ ಮೇಲೆ ಹೂಗ್ಯಂನಲ್ಲಿ ಮೊದಲು ತೆರೆಯುವ ಬಾಗಿಲು ಸೂಲಗಿತ್ತಿ ದೊಡ್ಡಮಾದಮ್ಮನದು. ಸೆರಗು ಬಿಗಿದುಕೊಂಡು ಮೂರು ಬೀದಿ ದಾಟಿ, ಶಿವಮಲ್ಲಪ್ಪನವರ ಮನೆಯ ಜಗಲಿಯ ಮೇಲೆ ಬಂದು ಕೂರುತ್ತಾರೆ. ಬಾಗಿಲ ಒಳಗೆ ಶಿವಮಲ್ಲಪ್ಪನವರ ಹೆಂಡತಿ ಪುಟ್ಟಬಸಮ್ಮ ಬ್ಲೇಡಿನಿಂದ ಒಂದು ಮಾತ್ರೆಯನ್ನು ಎರಡು ಹೋಳು ಮಾಡುತ್ತಿದ್ದಾರೆ. ಐದು ವರ್ಷದ ಮಗಳು ಶಿವರತ್ನ ಬಾಯಿ ತೆರೆದು ಕಾದಿದ್ದಾಳೆ.

"ಅಂಗಲ್ಲ ಕಣವ್ವ, ಒಂದ್ ಓಳು ದೊಡ್ಡದಾಯ್ತು."

"ನಂಗೂ ಕಣ್ಣವೆ, ಸುಮ್ಕೆ ಕೂತ್ಕೊ ಮಾದಮ್ಮ."

"ಕಣ್ಣವೆ. ಕೈ ಎಲ್ಲದೆ?"

ಮಗು ಕಿಸಕ್ಕನೆ ನಗುತ್ತದೆ. ಪುಡಿ ಮಾಡಿದ ಮಾತ್ರೆ ಉಪ್ಪುಗಂಜಿಯ ಜೊತೆ ಅದರ ಹೊಟ್ಟೆ ಸೇರುತ್ತದೆ. ದೊಡ್ಡಮಾದಮ್ಮ ಜಗಲಿಯಲ್ಲಿ ಪಕ್ಕಕ್ಕೆ ಕೂತ ನನ್ನತ್ತ ಮುಖ ತಿರುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ.

"ಒಟ್ಟೆ ಉರೀತದೆ ಕಣ್ ಮಗ. ನಾಕ್ ವರ್ಸ ನನ್ ಕೈಲೇ ತಿಂತಿತ್ತು."

ಮಗುವಿನದು ಹುಟ್ಟಿನಿಂದ ಬಂದ ಕಾಯಿಲೆ. ಮೂತ್ರಪಿಂಡದ ಮೇಲೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು ಮೈಗೆ ಬೇಕಾದ ರಸವನ್ನು ಮಾಡುವುದಿಲ್ಲ. ಮೈಯ ಉಪ್ಪೆಲ್ಲ ಉಚ್ಚೆಯಲ್ಲಿ ಸೋರಿಹೋಗುತ್ತದೆ. ಆ ಮನೆಯ ಮೊದಲ ಎರಡು ಕೂಸುಗಳು ಹದಿನೈದು ದಿನ ತುಂಬುವುದರೊಳಗೆ ವಾಂತಿ ಮಾಡಿ ಮಾಡಿ ಸತ್ತವು. ದೃಷ್ಟಿ ಎಂದರು. ವಾರಗಿತ್ತಿಯ ಹೊಟ್ಟೆಕಿಚ್ಚು ಎಂದರು.

ಮೂರನೆಯದು ಶಿವರತ್ನ. ಹುಟ್ಟಿದ್ದು ೧೯೬೭ರಲ್ಲಿ. ಕೂಸು ಬಿದ್ದ ಕೂಡಲೇ ಬಾಗಿಲಾಚೆ ನಿಂತವರಿಗೆ ಗಂಡೋ ಹೆಣ್ಣೋ ಎಂದು ಕೂಗಿ ಹೇಳುವುದು ಸೂಲಗಿತ್ತಿಯ ಹಕ್ಕು. ದೊಡ್ಡಮಾದಮ್ಮ "ಗಂಡು" ಎಂದು ಕೂಗಿದರು. ಸಕ್ಕರೆ ಹಂಚಿದ್ದೂ ಆಯಿತು. ಮಾರನೆಯ ದಿನ ನೀರು ಹಾಕುವಾಗ ಬೆಳಕಿನಲ್ಲಿ ನೋಡಿದರೆ ಗಂಡೆನ್ನುವಂತಿಲ್ಲ, ಹೆಣ್ಣೆನ್ನಲು ಧೈರ್ಯವಿಲ್ಲ. ಪುಟ್ಟಬಸಮ್ಮನ ಅತ್ತೆಗೆ ಹೇಳಿದರೆ, "ಕೂಗಿದ್ದು ಕೂಗ್ದೆ, ಬಾಯ್ ಮುಚ್ಕಂಡಿರು" ಎಂದರು.

ಎಂಟನೆಯ ದಿನ ವಾಂತಿ ಶುರುವಾಯಿತು. ದೊಡ್ಡಮಾದಮ್ಮ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಕೂಸನ್ನು ಮಡಿಲಿಗೆ ಕಟ್ಟಿಕೊಂಡು, ಹಸಿ ಬಾಣಂತಿಯನ್ನೂ ಎಬ್ಬಿಸಿಕೊಂಡು ಬಸ್ಸು ಹತ್ತಿದರು. ಕೊಳ್ಳೇಗಾಲ, ಅಲ್ಲಿಂದ ಮೈಸೂರು.

ಮೈಸೂರಿನ ಡಾಕ್ಟರು ಹೆಣ್ಣೇ, ಈ ಕಾಯಿಲೆಯಿಂದಲೇ ಹಾಗೆ ಕಾಣುತ್ತದೆ ಎಂದರು. ಮೈಯಲ್ಲಿ ಇಲ್ಲದ ಆ ರಸದ ಬದಲಿಗೆ ಕಾರ್ಟಿಸೋನ್ ಮಾತ್ರೆ ಬರೆದರು. ದಿನಕ್ಕೆ ಮೂರು ಹೊತ್ತು, ಬದುಕಿರುವವರೆಗೆ. ತಾಯಿ ಜ್ವರ ಬಂದು ಬೇರೆ ವಾರ್ಡಿನಲ್ಲಿ ಮಲಗಿದ್ದರಿಂದ ಡಾಕ್ಟರ ಮಾತನ್ನು ಪೂರ್ತಿ ಕೇಳಿಸಿಕೊಂಡದ್ದು ದೊಡ್ಡಮಾದಮ್ಮ ಒಬ್ಬರೇ. ದಿನದ ಮಾತ್ರೆಯ ವಿಷಯ ತಾಯಿಗೆ ತಿಳಿಸಿದರು. ಒಂದನ್ನು ಮಾತ್ರ ತಿಳಿಸಲಿಲ್ಲ: ಮಗುವಿಗೆ ಜ್ವರ ಬಂದರೆ ಮಾತ್ರೆ ಮೂರುಪಟ್ಟು ಕೊಡಬೇಕು, ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

"ಆಗ ಊರ್ಗೆ ಸರ್ಕಾರಿ ನರ್ಸಮ್ಮ ಬಂದಿದ್ಲು. ಕೈಲಿ ಬ್ಯಾಗು, ಕಾಲಲ್ಲಿ ಚಪ್ಲಿ. ಎಲ್ರೂ ಅವ್ಳನ್ನೇ ಕರಿಯೋರು. ನನ್ನ ಕೇಳೋ ಮನೆ ಇದೊಂದೇ ಉಳ್ದಿತ್ತು. ಅದ್ನೂ ಏಳ್ಕೊಟ್ಬುಟ್ರೆ ನಾನ್ ಯಾರು?"

ಇದಕ್ಕೆ ಮೂಗು ಮುರಿಯುವವರು ಮುರಿಯಲಿ. ಮೂವತ್ತು ವರ್ಷ, ನಾನೂರಕ್ಕೂ ಮೇಲೆ ಹೆರಿಗೆ. ಆ ಕೈಗೆ ಇವತ್ತಿನವರೆಗೆ ಒಬ್ಬನೂ ಒಂದು ನಿಂಬೆಹಣ್ಣು ಕೊಟ್ಟಿಲ್ಲ. ನಿನ್ನೆ ಮೊನ್ನೆ ತರಬೇತಿ ಮುಗಿಸಿ ಬಂದ ನರ್ಸುಗಳಿಗೆ ಸರ್ಕಾರಿ ಶಿಬಿರದಲ್ಲಿ ಹಾರ, ಫೋಟೋ, ಟ್ರಾನ್ಸಿಸ್ಟರು. ನೋಡಿದವನಿಗೇ ಮೈ ಉರಿಯುತ್ತದೆ, ಈಕೆಗೆ ಉರಿಯಬಾರದೇ?

ಆದರೆ ಆ ಉರಿಗೆ ಸಿಕ್ಕಿದ್ದು ಮಗು. ಹೋದ ವರ್ಷ ದೊಡ್ಡಮಾದಮ್ಮ ಮಾದೇಶ್ವರನ ಬೆಟ್ಟದ ಅಂಗಡಿಯವರೊಬ್ಬರ ಮನೆಗೆ ಹೆರಿಗೆಗೆಂದು ಹೋಗಿದ್ದಾಗ ಶಿವರತ್ನಳಿಗೆ ಜ್ವರ ಬಂತು. ತಾಯಿ ತನಗೆ ತಿಳಿದಷ್ಟೇ ಮಾತ್ರೆ ಕೊಡುತ್ತಾ ಬಂದರು. ಮೂರನೆಯ ದಿನ ಸೂಲಗಿತ್ತಿ ತಿರುಗಿ ಬಂದಾಗ ಮಗು ವಾಂತಿ ಮಾಡಿಕೊಂಡು, ಮೈ ತಣ್ಣಗಾಗಿ, ಕಣ್ಣು ಮೇಲೆ ಹಾಕಿತ್ತು. ಬಿದಿರಿನ ಲಾರಿಯೊಂದನ್ನು ಅಡ್ಡಗಟ್ಟಿ ಇಬ್ಬರೂ ಹೆಂಗಸರು ಕೊಳ್ಳೇಗಾಲಕ್ಕೆ ಹೊರಟರು. ಲಾರಿಯಲ್ಲೇ ದೊಡ್ಡಮಾದಮ್ಮ ಬಾಯಿಬಿಟ್ಟರು.

"ಜ್ವರ ಬಂದ್ರೆ ಮೂರ್ ಪಟ್ಟು ಕೊಡ್ಬೇಕು, ನಂಗೊತ್ತಿತ್ತು ಕಣವ್ವ ಅಂದೆ. ಕೆನ್ನೆಗೆ ಬಾರ್ಸುದ್ಲು. ಡ್ರೈವರ್ ತಿರುಗಿ ನೋಡ್ದ. ಬಾರ್ಸಬೇಕಾದ್ದೇ ಬುಡು."

ಸೂಜಿ, ಸಲೈನು. ಎರಡನೆಯ ದಿನ ಕಣ್ಣು ಬಿಟ್ಟ ಮಗು ಉಪ್ಪು ಕೇಳಿತು. ವಾರ್ಡಿನ ಹೊರಗೆ ದೊಡ್ಡಮಾದಮ್ಮ ಪುಟ್ಟಬಸಮ್ಮನಿಗೆ ಎಲ್ಲವನ್ನೂ ಹೇಳಿಕೊಟ್ಟು, ಮೂರು ಸಲ ಬಾಯಿಪಾಠ ಒಪ್ಪಿಸಿಕೊಂಡರು. ಅಂದಿನಿಂದ ಮಾತ್ರೆ ಕೊಡುವುದು ತಾಯಿಯೇ, ದೊಡ್ಡಮಾದಮ್ಮ ಮುಟ್ಟಿಲ್ಲ.

ಹಾಗಾದರೆ ದಿನವೂ ಯಾಕೆ ಬರುತ್ತೀರಿ ಎಂದರೆ ಒಳಗೊಮ್ಮೆ ನೋಡಿ ದನಿ ತಗ್ಗಿಸುತ್ತಾರೆ.

"ನನ್ ಕೈಲಿ ಒಂದಿನ ತಿನ್ಲಿ ಅಂತ ಆಸೆ ಐತೆ, ಸುಳ್ಯಾಕೆ. ಅದ್ಕಲ್ಲ ಬರದು. ನಿಮ್ ಅತ್ತೆಗೂ ಏಳ್ಕೊಡವ್ವ, ನೀ ಕಾಯ್ಲೆ ಬಿದ್ದು ಮಲಿಕ್ಕಂಡ್ರೆ ಯಾರ್ ಗತಿ ಅಂದ್ರೆ ಕೇಳಾಕಿಲ್ಲ. ಮೊಗ ನಂದು, ನಾನೇ ಕೊಡ್ತೀನಿ ಅಂತಾಳೆ. ಆ ಉರಿ ಎಂತದು ಅಂತ ನಂಗೊತ್ತು ಕಣ್ ಮಗ. ಅವ್ಳು ಇನ್ನೊಬ್ಬರ್ಗೆ ಏಳ್ಕೊಡೋಗಂಟ ನಾನು ಬಂದೇ ಬತ್ತೀನಿ."